ಒಂದೂವರೆ ಗಂಟೆ ದೂರದ ಮನೆ

ಮನೆ, ಮೂರನೇ ಮಹಡಿ
ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಮಗಳೇ,

ಹೇಗಿದ್ದೀಯ? ಹೋದ ವಾರ ಫೋನಿನಲ್ಲಿ ಕೆಮ್ಮುತ್ತಿದ್ದೆಯಲ್ಲ, ಕಡಿಮೆಯಾಯಿತೇ? ಆ ಹಾಸ್ಟೆಲಿನ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ ಅಂದಿದ್ದೆ. ಹಳೇ ಬಟ್ಟೆ ಉದ್ದಕ್ಕೆ ಮಡಚಿ ಸಂದಿಗೆ ತುರುಕು, ಗಾಳಿ ನಿಲ್ಲುತ್ತದೆ. ಹೊಸ ಎಕ್ಸ್‌ರೇ ಯಂತ್ರ ನಿನ್ನ ಮಾತು ಕೇಳುತ್ತಿದೆಯೋ, ಇಲ್ಲಾ ನಿನ್ನ ಗಂಡನ ಹಾಗೆ ಒಂದೊಂದನ್ನೂ ಎರಡೆರಡು ಸಲ ಹೇಳಿಸಿಕೊಳ್ಳುತ್ತದೋ? ಇಲ್ಲಿ ಎಲ್ಲರೂ ಸೌಖ್ಯ. ನಮ್ಮ ಮೆಣಸಿನಕಾಯಿಗೆ ಮುಂದಿನ ಹಲ್ಲೊಂದು ಬಿದ್ದಿದೆ, ಆದರೆ ಬಾಯಿಗೇನೂ ಬಿಡುವಿಲ್ಲ. ಒಂದನೇ ಕ್ಲಾಸಿನ ಟೀಚರಿಗೆ "ನಮ್ಮಮ್ಮ ಬಂದಮೇಲೆ ನಿಮ್ಮ ಮೂಳೆ ಎಲ್ಲಾ ನೋಡ್ತಾಳೆ" ಅಂತ ಹೆದರಿಸಿ ಬಂದಿದ್ದಾಳಂತೆ. ನಿನ್ನ ಮಗಳಲ್ಲವೇ, ಏನು ಮಾಡುವುದು!

ಫೋನಿದ್ದೂ ಅತ್ತೆ ಯಾಕೆ ಕಾಗದ ಬರೆಯುತ್ತಿದ್ದಾಳೆ ಅಂದುಕೊಳ್ಳುತ್ತಿದ್ದೀಯ. ಫೋನಿನಲ್ಲಿ ನೀನು "ಎಲ್ಲಾ ಸರಿ ಇದೆ ಅತ್ತೆ, ನೀವು ಯೋಚನೆ ಮಾಡಬೇಡಿ" ಅಂತ ನನ್ನ ಬಾಯಿ ಕಟ್ಟಿಬಿಡುತ್ತೀಯ. ಕಾಗದಕ್ಕಾದರೆ ಅಡ್ಡ ಬಾಯಿ ಹಾಕಲಾಗುವುದಿಲ್ಲ. ನಾನೊಂದು ಕಿತಾಪತಿ ಮಾಡಿದ್ದೇನೆ. ಪೂರ್ತಿ ಓದಿ ಆಮೇಲೆ ಬೈಯಿ.

ನೀನು ಟ್ರೈನಿಂಗಿಗೆ ಹೊರಟ ಮರುವಾರವೇ ನಿನ್ನ ಮೇಷ್ಟ್ರು, ಅಂದರೆ ನನ್ನ ಮಗರಾಯ, ನನ್ನನ್ನೂ ಮಗುವನ್ನೂ ಆ ಹೊಸ ಬಡಾವಣೆಯ ಮನೆ ತೋರಿಸಲು ಕರೆದುಕೊಂಡು ಹೋದ. ಸುಳ್ಳು ಯಾಕೆ ಹೇಳಲಿ, ನನಗೆ ಬಹಳ ಇಷ್ಟವಾಯಿತು. ಮೆಟ್ಟಿಲೇ ಇಲ್ಲ. ಮೂರು ರೂಮು, ಹಿಂದೆ ಅಂಗಳ, ಅಂಗಳದಲ್ಲಿ ನಿಂಬೆ ಗಿಡ. ನನ್ನ ಹೊಲಿಗೆ ಮೆಷಿನ್ನು ಎಲ್ಲಿಡಬೇಕು ಅಂತ ಮನಸ್ಸಿನಲ್ಲೇ ಜಾಗ ಅಳೆದುಕೊಂಡೆ. ಅವನ ಶಾಲೆಗೆ ಅಲ್ಲಿಂದ ನಡೆದರೆ ಹತ್ತೇ ನಿಮಿಷ. ವಾಪಸ್ ಬರುವಾಗ ಕೇಳಿದೆ: ಅವಳ ಆಸ್ಪತ್ರೆ? ಅದಕ್ಕೆ ಅವನು, "ಅವಳು ಒಪ್ಪಿದ್ದಾಳಮ್ಮ. ಒಂದೂವರೆ ಗಂಟೆ ತಾನೇ, ಓಡಾಡ್ತೀನಿ ಅಂದಳು" ಅಂದ.

ಆ "ತಾನೇ" ನನ್ನ ಗಂಟಲಿಗೆ ಸಿಕ್ಕಿಕೊಂಡಿತು. ಮೂವತ್ತೊಂದು ವರ್ಷ ಜನರ ಬಟ್ಟೆ ಹೊಲಿದವಳು ನಾನು. ತೊಟ್ಟು ನೋಡಿ "ತೋಳು ಸ್ವಲ್ಪ ಬಿಗಿ ತಾನೇ, ಪರವಾಗಿಲ್ಲ ಬಿಡಿ" ಅಂದವರು ಆ ಬಟ್ಟೆಯನ್ನು ಮತ್ತೆ ಹಾಕಿದ್ದನ್ನು ನಾನು ಕಂಡಿಲ್ಲ. ಅಂಥವರನ್ನು ನಿಲ್ಲಿಸಿ ಕೈ ಎತ್ತಿಸಿ ನೋಡುತ್ತಿದ್ದೆ. ನೀನು ಊರಲ್ಲಿಲ್ಲ, ನಿನ್ನ ಕೈ ಎತ್ತಿಸುವುದು ಹೇಗೆ? ಅದಕ್ಕೆ ನಾನೇ ಎತ್ತಿ ನೋಡೋಣ ಅಂತ ಹೊರಟೆ.

ನನ್ನ ಅಂಗಡಿಯಲ್ಲಿ ಗುಂಡಿ ಹಾಕುತ್ತಿದ್ದ ಗೆಳತಿ, ನಾವೆಲ್ಲ ಗುಂಡಿಯಮ್ಮ ಅಂತಲೇ ಕರೆಯುವವಳು, ಈಗ ಅದೇ ಬಡಾವಣೆಯಲ್ಲಿ ಮಗಳ ಜೊತೆ ಇದ್ದಾಳೆ. ಅವಳ ಕಣ್ಣಿನ ಆಪರೇಷನ್ ಆಗಿದೆ, ನಾಲ್ಕು ದಿನ ಜೊತೆಗಿದ್ದು ಬರುತ್ತೇನೆ ಅಂತ ಮಗನಿಗೆ ಹೇಳಿ ಹೋದೆ. ಆಪರೇಷನ್ ಆಗಿದ್ದು ನಿಜ, ಆದರೆ ಹೋದ ವರ್ಷ. ಅಲ್ಲಿಂದ ದಿನಾ ಬೆಳಿಗ್ಗೆ ಆರಕ್ಕೆ ಹೊರಟು, ಬಸ್ಸು ಹಿಡಿದು, ಆರೂ ಇಪ್ಪತ್ತೈದರ ರೈಲು ಹತ್ತಿ, ನಡುವೆ ಇನ್ನೊಂದು ರೈಲಿಗೆ ಬದಲಾಯಿಸಿ, ನಿನ್ನ ಆಸ್ಪತ್ರೆಯ ಗೇಟಿನವರೆಗೆ ಹೋದೆ. ಸಂಜೆ ನೀನು ಕೆಲಸ ಬಿಡುವ ಹೊತ್ತಿಗೆ ಅದೇ ದಾರಿಯಲ್ಲಿ ವಾಪಸ್. ನಿಮ್ಮ ವಾಚ್‌ಮನ್ನಿಗೆ ಎರಡನೇ ದಿನ ಅನುಮಾನ ಬಂದು "ಯಾರನ್ನ ನೋಡಬೇಕಮ್ಮ?" ಅಂದ. ಗಡಿಯಾರ ನೋಡಬೇಕಿತ್ತು ಅಂದೆ. ಪಾಪ, ತನ್ನ ಕೈಗಡಿಯಾರ ತೋರಿಸಿದ. ಏಳೂ ನಲವತ್ತು.

ರೈಲು ಕೆಟ್ಟದ್ದು ಅಂತ ಹೇಳಲಾರೆ. ಮೊದಲ ದಿನ ಮೂರು ಸ್ಟೇಷನ್ ನಿಂತೆ, ಆಮೇಲೆ ದೊಡ್ಡ ಹೋಟೆಲಿನಲ್ಲಿ ಬಟ್ಟೆ ಇಸ್ತ್ರಿ ಮಾಡುವ ಹೆಂಗಸೊಬ್ಬಳು ಸರಿದು ಜಾಗ ಕೊಟ್ಟಳು. ಅವಳ ಎದುರಿಗೆ ಕೂರುವವಳು ಪ್ರತಿದಿನ ಫೋನಿನಲ್ಲೇ ಮಗನಿಂದ ಮಗ್ಗಿ ಹೇಳಿಸುತ್ತಾಳೆ. "ಏಳೆಂಟ್ಲೆ?" ಅನ್ನುವಷ್ಟರಲ್ಲಿ ಸುರಂಗ ಬಂದು ಫೋನು ಕಟ್ಟಾಯಿತು. ಸುರಂಗ ದಾಟಿ ಮತ್ತೆ ಫೋನು ಸಿಕ್ಕಿದ ಕೂಡಲೇ ಬೋಗಿಗೆ ಬೋಗಿಯೇ "ಐವತ್ತಾರು!" ಅಂತ ಕೂಗಿತು. ನಾನೂ ಕೂಗಿದೆ. ನಗು ಬಂತು. ಆದರೆ ಸ್ವಲ್ಪ ಹೊತ್ತಿಗೆ, ಆ ಕಡೆ ಚಪ್ಪಲಿ ಹುಡುಕುತ್ತಾ ಒಬ್ಬನೇ ನಿಂತಿರುವ ಹುಡುಗ ಕಣ್ಣಿಗೆ ಬಂದು ನಗು ನಿಂತುಹೋಯಿತು.

ಇಸ್ತ್ರಿಯವಳು ಹನ್ನೊಂದು ವರ್ಷದಿಂದ ಹೀಗೇ ಓಡಾಡುತ್ತಿದ್ದಾಳೆ. "ಅಭ್ಯಾಸ ಆಗುತ್ತಾ?" ಅಂತ ಕೇಳಿದೆ. "ರೈಲು ಅಭ್ಯಾಸ ಆಗುತ್ತಮ್ಮ, ಮನೆ ಅಭ್ಯಾಸ ತಪ್ಪಿಹೋಗುತ್ತೆ" ಅಂದಳು. ರಜೆಯ ದಿನ ಚಮಚ ಎಲ್ಲಿದೆ ಅಂತ ಅವಳು ಮಕ್ಕಳನ್ನು ಕೇಳಬೇಕಂತೆ. ಹಾಗಂತ ಅವಳಿಗೆ ದುಃಖವೇನಿಲ್ಲ. ಮಕ್ಕಳಿಗೆ ಓಡಾಡಲು ಬಯಲಿದೆ, ಸ್ವಂತ ಬಾಗಿಲಿದೆ. ಈ ಒಂದೂವರೆ ಗಂಟೆ ಯಾರೂ ನನ್ನನ್ನು ಕರೆಯಲ್ಲ, ಅದೊಂದು ಸುಖ ಅಂದಳು. ಅವಳ ಮಾತನ್ನು ನನಗೆ ಬೇಕಾದ ಕಡೆಗೆ ಕತ್ತರಿಸಬಾರದು ಅಂತ ಎರಡನ್ನೂ ಬರೆದಿದ್ದೇನೆ.

ನಾಲ್ಕನೇ ದಿನ ಸಂಜೆ ರೈಲು ಎರಡು ಸ್ಟೇಷನ್ ನಡುವೆ ಕೆಟ್ಟು ನಿಂತಿತು. ಸುಮಾರು ಒಂದೂಕಾಲು ಗಂಟೆ. ಆ ದಿನ ಶಾಲೆಯಲ್ಲಿ ಮೆಣಸಿನಕಾಯಿ ಮೊದಲ ಸಲ ಎಲ್ಲರೆದುರು ಪದ್ಯ ಹೇಳಿದ್ದಳು. ನನಗೆ ಒಪ್ಪಿಸಬೇಕು ಅಂತ ಗುಂಡಿಯಮ್ಮನ ಮನೆಗೆ ಮೂರು ಸಲ ಫೋನು ಮಾಡಿದ್ದಾಳೆ. ನಾನು ಒಳಗೆ ಕಾಲಿಟ್ಟು ಫೋನು ಮಾಡುವಷ್ಟರಲ್ಲಿ ಮಗು ಮಲಗಿಬಿಟ್ಟಿತ್ತು. ಮರುದಿನ ಕೇಳಿದರೆ "ಹೋಗಜ್ಜಿ, ಮರ್ತೋಯ್ತು" ಅಂತು. ಮರೆತಿರಲಿಲ್ಲ, ಕೋಪ. ಒಂದು ದಿನದ ಅಜ್ಜಿಗೇ ಇಷ್ಟು ಸಂಕಟವಾದರೆ ದಿನದಿನದ ತಾಯಿಗೆ?

ಮನೆಗೆ ಬಂದು ಎಲ್ಲವನ್ನೂ ಒದರಿಬಿಟ್ಟೆ. ನಿನ್ನ ಮೇಷ್ಟ್ರಿಗೆ ಮೂಗಿನ ತುದಿಯಲ್ಲಿ ಕೋಪ. "ನನ್ನ ಬೆನ್ನ ಹಿಂದೆ ಪತ್ತೇದಾರಿ ಮಾಡ್ತೀಯಾ?" ಅಂತ ಹಾರಾಡಿದ. ನಾನೂ ಬಿಡಲಿಲ್ಲ, ನಿನ್ನ ಹತ್ತು ನಿಮಿಷಕ್ಕೆ ಅವಳ ಮೂರು ಗಂಟೆ ಬಲಿಯೇನೋ ಅಂದೆ. ಆಗ ಅವನು ಕುಕ್ಕರಿಸಿದ ಹಾಗೆ ಕೂತು ಹೇಳಿದ: "ನನ್ನ ಶಾಲೆಗಲ್ಲಮ್ಮ. 'ಅತ್ತೆ ಕಂಬಿ ಹಿಡಿದು ಮೂರು ಮಹಡಿ ಹತ್ತೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ, ಕೆಳಗಡೆ ಮನೆ ಎಲ್ಲಿ ಸಿಕ್ಕಿದರೂ ಸರಿ' ಅಂತ ಅವಳೇ ಹಟ ಹಿಡಿದಳು."

ಅಲ್ಲ ಮಗಳೇ, ನನ್ನ ಮಂಡಿಗಾಗಿ ನೀನು ನಿನ್ನ ದಿನಗಳನ್ನೇ ಬಿಚ್ಚಿ ಕೊಡಲು ಹೊರಟಿದ್ದೀಯ, ನನ್ನನ್ನೊಂದು ಮಾತು ಕೇಳಬಾರದಿತ್ತೇ?

ನಿನಗೆ ಯಾವತ್ತೂ ಹೇಳದ ಒಂದು ವಿಷಯ ಹೇಳುತ್ತೇನೆ. ನಿನ್ನ ಗಂಡ ಹನ್ನೊಂದು ತಿಂಗಳ ಕೂಸಾಗಿದ್ದಾಗ ನಾನು ಊರಿನ ಆ ತುದಿಯ ಗಾರ್ಮೆಂಟ್ಸಿಗೆ ಹೋಗುತ್ತಿದ್ದೆ, ಹೋಗಲು ಎರಡು ಬಸ್ಸು, ಬರಲು ಎರಡು. ಮಗು ಪಕ್ಕದ ಮನೆ ಅಜ್ಜಿಯ ಹತ್ತಿರ. ಒಂದು ಭಾನುವಾರ ನನ್ನ ಕಣ್ಣೆದುರೇ ಎದ್ದು ನಾಲ್ಕು ಹೆಜ್ಜೆ ಇಟ್ಟ. ನಾನು ಕುಣಿದುಬಿಟ್ಟೆ, ಬೀದಿಗೆಲ್ಲಾ ಸಾರಿಬಂದೆ. ಎಷ್ಟೋ ವರ್ಷದ ಮೇಲೆ ಆ ಅಜ್ಜಿ ಹೇಳಿದರು, ಅವನು ಮೊದಲು ನಡೆದಿದ್ದು ಅದಕ್ಕೂ ಮುಂಚಿನ ಮಂಗಳವಾರ, ಅವರ ಮನೆಯ ಜಗುಲಿಯಲ್ಲಿ. "ಬಸ್ಸಿಳಿದು ಬಂದ ನಿನ್ನ ಮುಖ ನೋಡಿ ಹೇಳಕ್ಕೆ ಮನಸ್ಸು ಬರಲಿಲ್ಲ ಕಣೆ, ನೀನೇ ಮೊದಲು ನೋಡಿದೆ ಅನ್ಕೊಳ್ಳಲಿ ಅಂತ ಸುಮ್ಮನಾದೆ" ಅಂದರು. ಅವರನ್ನು ಇವತ್ತಿಗೂ ನೆನೆಯುತ್ತೇನೆ. ಆದರೆ ನಿನ್ನ ಮಗಳ ವಿಷಯದಲ್ಲಿ ಆ ಅಜ್ಜಿಯ ಪಾರ್ಟು ಮಾಡಲು ನನಗೆ ಇಷ್ಟವಿಲ್ಲ.

ನಿನ್ನೆ ಮೇಷ್ಟ್ರು ತಾನೇ ಅದೇ ದಾರಿಯಲ್ಲಿ ಹೋಗಿಬಂದ. ಬಂದವನು ಶೂ ಕೂಡ ಬಿಚ್ಚದೆ ಗೋಡೆಗೊರಗಿ ಕೂತ. ನಾನು ನೀರು ತಂದಿಟ್ಟೆ. ಕುಡಿದು ತಾನಾಗಿಯೇ, "ಸಂಜೆ ಬರ್ತಾ ನಿದ್ದೆ ಹೋಗಿ ಒಂದು ಸ್ಟೇಷನ್ ಮುಂದೆ ಹೋದೆ" ಅಂದ. ಇವತ್ತು ಬೆಳಿಗ್ಗೆಯೇ ಮಗುವನ್ನೂ ನನ್ನನ್ನೂ ಇನ್ನೊಂದು ಮನೆ ನೋಡಲು ಎಬ್ಬಿಸಿದ.

ಅದು ನಿನ್ನ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿದೆ, ನೆಲಮಹಡಿ. ಹೊಗಳುವ ಹಾಗೇನಿಲ್ಲ. ಎರಡೇ ರೂಮು, ಹನ್ನೊಂದು ಗಂಟೆಯ ಮೇಲೆ ಬಿಸಿಲಿಲ್ಲ, ಕಿಟಕಿ ತೆಗೆದರೆ ಪಕ್ಕದವರ ಗೋಡೆ. ನನ್ನ ಮೆಷಿನ್ನಿಗೆ ಅಡುಗೆಮನೆ ಬಾಗಿಲ ಪಕ್ಕವೇ ಗತಿ. ಅವನಿಗೆ ಶಾಲೆಗೆ, ನೀನು ಮುಟ್ಟದ ಆ ಸ್ಕೂಟರಿನಲ್ಲಿ, ಐವತ್ತು ನಿಮಿಷ, ಈಗಿನದಕ್ಕಿಂತ ಹತ್ತು ಹೆಚ್ಚು. ನಿನಗೆ ಮಾತ್ರ ಎಂಟು ನಿಮಿಷ. ಮೆಣಸಿನಕಾಯಿ ಓಡಿಬಂದಳು, ಅವಳಿಗೆ ಐದು. ಅಂಗಳದ ಮನೆ ಇನ್ನೂ ಕೈತಪ್ಪಿಲ್ಲ, ಅದೇ ಬೇಕು ಅಂದರೂ ನಾನು ಮುಖ ಊದಿಸಿಕೊಳ್ಳುವುದಿಲ್ಲ. ಆದರೆ ನಿನಗಾಗಿ ಬೇಕೋ ನನಗಾಗಿ ಬೇಕೋ ಅಂತ ಒಂದು ಸಲ ಕೂತು ಯೋಚಿಸು.

ಹೊತ್ತಿಗೆ ಸರಿಯಾಗಿ ಊಟ ಮಾಡು, ನಿಂತುಕೊಂಡು ತಿನ್ನಬೇಡ. ಮಗು ನಿನಗೆ ಹಲ್ಲಿಲ್ಲದ ಮುತ್ತು ಕಳಿಸಿದೆ. ಅದರಪ್ಪ ಏನು ಕಳಿಸಿದ್ದಾನೋ ಅವನೇ ಬರೆದುಕೊಳ್ಳಲಿ. ನೂರು ವರ್ಷ ನಗುತ್ತಾ ಬಾಳು.

ನಿನ್ನ,
ಅತ್ತೆ

ಮರೆತಿದ್ದೆ: ಹಿಂದಿನ ಬೀದಿ ಮನೆಯವರು ಬರುವ ವಾರ ಬುಧವಾರದೊಳಗೆ ಹೇಳಿ ಅಂದಿದ್ದಾರೆ. ನಾವು ಮೂವರೂ ಹೂಂ ಅಂದಾಗಿದೆ, ಮೆಣಸಿನಕಾಯಿ ಎರಡು ಸಲ ಅಂದಿದ್ದಾಳೆ. ನಿನ್ನದೊಂದು ಬಾಕಿ. ಕಾಗದ ಸಿಕ್ಕಿದ ಕೂಡಲೇ ಫೋನು ಮಾಡು. ಈ ಸಲ ಮಾತ್ರ ನನ್ನ ಆರೋಗ್ಯ ಆಮೇಲೆ ಕೇಳು, ಮೊದಲು ನಿನಗೇನು ಬೇಕು ಹೇಳು.