ಹಸಿರು ಬಳೆಯ ಕೈ

ಗಜೇಂದ್ರಗಡ
ಗುರುವಾರ, ೧೨-೬-೨೦೨೫

ಪ್ರೀತಿಯ ತಮ್ಮ ಬಸವಪ್ರಸಾದ,

ನಮ್ಮ ಮಗ್ಗದ ವಿಡಿಯೊದಲ್ಲಿ ಖಾಜಾಬಿ ಚಿಗವ್ವನ ಮುಖ ತೋರಿಸುತ್ತೇನೆ ಎಂದೆ ನೀನು, ತೋರಿಸಲಿಲ್ಲ. ಹೆಸರು ಹಾಕುತ್ತೇನೆ ಎಂದೆ, ಹಾಕಲಿಲ್ಲ. ತಪ್ಪಾಯಿತು, ವಿಡಿಯೊ ತೆಗೆದುಹಾಕುತ್ತೇನೆ ಎಂದೆ. ಇನ್ನೂ ನಿನ್ನ ಪುಟದಲ್ಲೇ ಇದೆ. ಹುಬ್ಬಳ್ಳಿಯಲ್ಲಿ ನಿನ್ನ ಕೆಮ್ಮು ಹೇಗಿದೆ? ಅವ್ವ ಕೇಳು ಅಂದಳು, ಕೇಳಿದ್ದೇನೆ. ಫೇಸ್‌ಬುಕ್ಕಿನಲ್ಲಿ ನನ್ನನ್ನು ಬ್ಲಾಕ್ ಮಾಡಿದೆ. ಅಂಚೆಯವನನ್ನು ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಈ ಕಾಗದ.

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ಮಗ್ಗದ ಮೇಲಿನ ಹಾಸಿನ ಉದ್ದೆಳೆ ಮುಗಿದಾಗ ಹಳೆಯ ಎಳೆಗೆ ಹೊಸ ಎಳೆ ಕೂಡಿಸಿ ಗಂಟು ಹಾಕುವವಳು ಖಾಜಾಬಿ. ಅದಕ್ಕೂ ಮುಂಚೆ ಅವ್ವ ಅವಳಿಗೆ ಹಸಿರು ಬಳೆ ಇಡಿಸುತ್ತಾಳೆ, 'ಬರಿಗೈಲೆ ನೂಲು ಮುಟ್ಟಬ್ಯಾಡ ನಮ್ಮವ್ವಾ' ಅನ್ನುತ್ತ. ನೀನು ವಿಡಿಯೊದಲ್ಲಿ ಅವಳ ಮುಖ ಕತ್ತರಿಸಿ ಬಳೆಗೈ ಉಳಿಸಿಕೊಂಡೆ. ಕೆಳಗೆ ಬರೆದೆ: 'ನಮ್ಮ ಧರ್ಮದವರ ಕೈ ಮಾತ್ರ ಮುಟ್ಟಿದ ಶುದ್ಧ ಸೀರೆ.' ಬಳೆ ನೋಡಿದ ನಿನ್ನ ಹಿಂಬಾಲಕರು 'ನಮ್ಮ ತಾಯಂದಿರ ಪವಿತ್ರ ಕೈ' ಎಂದು ನಮಸ್ಕಾರದ ಚಿತ್ರ ಸುರಿದರು. ಥೂ! ಯಾರ ಕೈಗೆ ನಮಸ್ಕಾರ ಮಾಡಿಸುತ್ತಿದ್ದೀ ಅಂತ ಅವರಿಗೆ ಹೇಳುವ ಧೈರ್ಯವಿದೆಯೇನು ನಿನಗೆ?

ಖಾಜಾಬಿಯ ಮಗ ಜಾವೀದನೂ ನಿನ್ನ ಜೋಡಿಯೇ. ನಿನ್ನ ವಿಡಿಯೊ ನೋಡಿ ಉರಿದವನು, ತಾಯಿ ಎಂದೂ ತೊಡದ ಬುರ್ಖಾ ಅವಳಿಗೆ ತೊಡಿಸಿ ಫೋಟೊ ಹಾಕಿದ: 'ನಮ್ಮವರು ಅವರ ಹೊಸ್ತಿಲು ತುಳಿಯುವುದಿಲ್ಲ.' ಒಂದೇ ತಾಟಿನಲ್ಲಿ ಉಂಡ ಇಬ್ಬರು, ಹೆತ್ತವರನ್ನು ಬೋರ್ಡು ಮಾಡಿ ಊರ ಮುಂದೆ ನಿಲ್ಲಿಸಿದಿರಿ! ನಿಮಗೆ ಲೈಕು, ನಮಗೆ ನಿಂತ ಮಗ್ಗ. ಖಾಜಾಬಿ ಗಂಟು ಹಾಕಲು ಬರುವುದು ಬಿಟ್ಟಳು. ಅವ್ವ ಕರೆಯಲು ಹೋದರೆ ಬಾಗಿಲಲ್ಲೇ ನಿಂತು, 'ಶಂಕ್ರವ್ವಾ, ನಿಮ್ಮ ಹುಡುಗಗ ಕೈ ಅಷ್ಟ ಬೇಕಂತಲ್ಲ. ಕಡದು ಬುಟ್ಟ್ಯಾಗ ಇಟ್ಟು ಕಳಸ್ಲೇನು?' ಎಂದು ನಕ್ಕಳು. ಅವ್ವ ನಗಲಿಲ್ಲ. ಅವತ್ತಿನಿಂದ ನೇಯಲು ಮಗ್ಗದ ಕುಣಿಗೆ ಇಳಿದಿಲ್ಲ. ಬೇರೆಯವರನ್ನು ಕರೆಸೋಣ ಅಂದರೆ ನನ್ನ ಮೇಲೇ ಹರಿಹಾಯುತ್ತಾಳೆ. ನಿನ್ನ ಪುಟದ ಧರ್ಮಕ್ಕೆ ಒಂದು ಎಳೆ ಗಂಟು ಹಾಕಲು ಬರುತ್ತದೇನು? ಬಂದು ಹಾಕು, ನೋಡೋಣ.

ಅವ್ವನ ಆಶೀರ್ವಾದ ಬರೆಯಲೇ ಅಂದರೆ, 'ಮದ್ಲ ಆ ವಿಡಿಯೊ ತಗೀ ಅನ್ನು' ಎಂದಳು. ನನ್ನದಿಷ್ಟೇ: ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ,
ನೀಲಾ

ತಾ.ಕ.: ನೇಕಾರರ ಸಭೆ ಕರೆದಿದ್ದೇನೆ. ಖಾಜಾಬಿ ಬರುತ್ತಾಳೆ, ತನಗೆ ಬೇಕಾದ ಬಟ್ಟೆಯಲ್ಲಿ. ಎಲ್ಲರ ಮೊಬೈಲಿನ ಮುಂದೆ ಅವ್ವ ಅವಳಿಗೆ ಬಳೆ ಇಡಿಸಿ, ಆ ವಿಡಿಯೊದ ಕೈ ಯಾರದೆಂದು ಹೇಳುತ್ತಾಳೆ. ಮುಖ ಕತ್ತರಿಸಿದವನು ಯಾರ ಮಗನೆಂದೂ ಹೇಳುತ್ತಾಳೆ. ಜಾವೀದನಿಗೂ ತಿಳಿಸಿದ್ದೇನೆ. ಅವ್ವನಿಗಿಂತ ಮೊದಲು ನೀನೇ ಹೇಳುವುದಿದ್ದರೆ ಬಾ: ಇದೇ ೨೨, ರವಿವಾರ, ಮುಂಜಾನೆ ಹತ್ತು ಗಂಟೆ, ನಮ್ಮ ಮಗ್ಗದ ಮನೆ.