ಮಾವನ ಒಲೆ, ಅಮೆರಿಕದ ಚಳಿ

ಜನವರಿ 21, ಬುಧವಾರ

ಗುಣಪಾಲ ಮಾವ ಇವತ್ತು ಗೆದ್ದರು. ಅದನ್ನು ಬರೆಯದೆ ನಿದ್ದೆ ಬರುವುದಿಲ್ಲ.

ನನ್ನನ್ನು ನೋಡಲು ಬಂದ ಹುಡುಗನ ಮನೆಯವರೆದುರು, "ಇವಳದ್ದು ಜೂಜು ಆಡಿಸುವ ಆಫೀಸು" ಎಂದು ನಕ್ಕವರು ಅಮ್ಮನ ಈ ಅಣ್ಣನೇ. ಹುಡುಗನ ಕಡೆಯವರು ಮತ್ತೆ ಬರಲೇ ಇಲ್ಲ. ಹೋದ ವಾರ ಕೊಟ್ಟಾರದ ಅದೇ ಬ್ರೋಕರ್ ಆಫೀಸಿಗೆ ಮಾವ ನ್ಯಾಚುರಲ್ ಗ್ಯಾಸ್ ಫ್ಯೂಚರ್ಸ್ ಕೊಳ್ಳಲು ಬಂದರು; ದರ ಏರಿದರೆ ಲಾಭ, ಇಳಿದರೆ ನಷ್ಟ. ರಸ್ತೆ ಅಗೆಯುವಾಗ ಪೈಪ್ ಒಡೆದು, ದೇರೆಬೈಲಿನ ಅವರ ಹೋಟೆಲಿಗೆ ಗ್ಯಾಸ್ ನಿಂತಿದೆ. "ಗ್ಯಾಸೇ ಇಲ್ಲ ಮಾರಾಯ್ತಿ, ರೇಟ್ ಏರದೆ ಎಂತ ಮಾಡ್ತದೆ?"

ನಮ್ಮ ಮಾರುಕಟ್ಟೆಯ ದರ ಅಮೆರಿಕದ ಹೆನ್ರಿ ಹಬ್ ಎಂಬ ಗ್ಯಾಸ್ ಕೇಂದ್ರದ ದರದ ಬಾಲ ಹಿಡಿದು ಹೋಗುತ್ತದೆ. ಮನೆ ಬಿಸಿಮಾಡಲು ಗ್ಯಾಸ್ ಉರಿಸುವಂಥ ಚಳಿ ಅಲ್ಲಿ ಎಷ್ಟು, ದಾಸ್ತಾನು ಎಷ್ಟು, ಡಾಲರ್ ಎಷ್ಟು, ಅಷ್ಟೇ. ದೇರೆಬೈಲಿನ ಒಲೆಯನ್ನು ಯಾರೂ ಕೇಳುವುದಿಲ್ಲ. ಇದನ್ನು ಹೇಳುವುದು ನನ್ನ ಕೆಲಸ. "ನಿಮಗೆ ಗೊತ್ತಿಲ್ಲದ್ದು ಎಂತ ಉಂಟು ಮಾವ?" ಎಂದಷ್ಟೇ ಹೇಳಿದೆ.

ಅಲ್ಲಿ ಹಿಮ ಬಿತ್ತು. ದರ ಹಾರಿತು. ದರಿದ್ರ ಹಿಮ!

ಸಂಜೆ ಸೌದೆ ಒಲೆಯಲ್ಲಿ ಕರಿದ ಗೋಳಿಬಜೆ ತಂದು ಆಫೀಸಿಗೆಲ್ಲ ಹಂಚಿದರು. "ನೋಡಿದೆಯಾ ತೃಷಾ, ನಿನ್ನ ಕಂಪ್ಯೂಟರಿಗಿಂತ ನನ್ನ ಒಲೆಗೆ ಹೆಚ್ಚು ಗೊತ್ತುಂಟು." ಎಲ್ಲರೂ ನಕ್ಕರು. ನಾನೂ ನಕ್ಕೆ. ಪೈಪ್ ರಿಪೇರಿಗೆ ಇನ್ನೂ ತಿಂಗಳು ಬೇಕಂತೆ. ಅದನ್ನೇ ನಂಬಿ ಮುಂದಿನ ತಿಂಗಳ ಕಾಂಟ್ರಾಕ್ಟನ್ನು ಮೂರು ಪಟ್ಟು ಕೊಂಡರು. ಆರ್ಡರ್ ಹಾಕಿದ್ದು ನನ್ನದೇ ಬೆರಳು.

ಸೋತಿದ್ದರೆ ಒಂದೇ ಸಲಕ್ಕೆ ಬಿಟ್ಟುಬಿಡುತ್ತಿದ್ದರು. ಗೆದ್ದದ್ದೇ ಒಳ್ಳೆಯದಾಯಿತು.

ಗೋಳಿಬಜೆ ರುಚಿಯಾಗಿತ್ತು. ಈಗ ಮತ್ತೊಮ್ಮೆ ಅಮೆರಿಕದ ಹವಾಮಾನ ನೋಡಿದೆ. ಮುಂದಿನ ವಾರ ಚಳಿ ಇಳಿದು ಬಿಸಿಲಂತೆ.