ನಾಲ್ಕನೇ ಕುದುರೆ

ಮೊಂಟಾನಾದ ಮಹಾಮೌನಿ ಅಪ್ಪನಿಗೆ,

"ಹುಡುಗೀರಿಗೆ ಕರು ಹಿಡಿಯೋ ಹಗ್ಗ ಯಾಕೆ?" ಎಂದು ನೀನು ಅಂದದ್ದಕ್ಕೆ ಮನೆ ಬಿಟ್ಟು, ಹನ್ನೊಂದು ವರ್ಷದ ಮೇಲೆ ನಿನ್ನ ಮಣ್ಣಿಗೆ ಬಂದು ಇಲ್ಲೇ ಉಳಿದ ಮಗಳ ದೂರು ಇದು.

ಇವತ್ತು ನಮ್ಮ ದನದ ರಾಂಚಿನಲ್ಲಿ ಕರುಗಳಿಗೆ ಕಾಸಿದ ಮುದ್ರೆ ಒತ್ತುವ ದಿನ. ನೆರೆಯವರೆಲ್ಲ ಬಂದರು, ಬಂದವರು ಕೆಲಸ ಮುಟ್ಟದೆ ಒಂದು ಗಂಟೆ ನನ್ನ ಕಾಫಿ ಕುಡಿದರು.

"ಮದುವೆ ಊಟಕ್ಕೆ ಬಂದಿದ್ದೀರಾ?" ಎಂದು ರೇಗಿದೆ.

ಪಕ್ಕದ ರಾಂಚಿನ ರಾಯ್ಸ್ ಕಿವಿಯಲ್ಲಿ ಹೇಳಿದ: "ಕುದುರೆ ಹತ್ತಿ ಕರುವಿಗೆ ಹಗ್ಗ ಬೀಸೋರ ಹೆಸರು ಯಜಮಾನ್ರೇ ಹೇಳ್ಬೇಕು ಕಣೆ. ಈಗ ಯಜಮಾನಿ ನೀನು."

ಪದ್ಧತಿ ಗೊತ್ತಿತ್ತು. ಯಜಮಾನ ಎಂದರೆ ನೀನು ಎಂದೇ ಅಭ್ಯಾಸ.

"ಹೋದ ವರ್ಷ ಯಾರ್ಯಾರು?"

"ಮೂರೇ ಜನ. ನಾಲ್ಕನೇ ಕುದುರೆಗೆ ನಿಮ್ಮಪ್ಪ ಪ್ರತಿ ವರ್ಷ ಜೀನು ಬಿಗಿಸಿ ಖಾಲಿ ನಿಲ್ಲಿಸೋರು. ಕೇಳಿದ್ರೆ, 'ಲೋರ್ನಾ ಬಂದ್ರೂ ಬರ್ಬೋದು' ಅನ್ನೋರು."

ಮೂರು ಹೆಸರು ಹೇಳಿ, ನಾಲ್ಕನೇ ಕುದುರೆಯನ್ನು ನಾನೇ ಹತ್ತಿದೆ. ಮೊದಲ ಹಗ್ಗಕ್ಕೆ ಸಿಕ್ಕಿದ್ದು ರಾಯ್ಸನ ಟೋಪಿ. ಈಗ ಅವನು ನಮ್ಮ ಪಾತ್ರೆ ತೊಳೆಯುತ್ತಿದ್ದಾನೆ. ಹೊರಡುವ ಲಕ್ಷಣವಿಲ್ಲ, ಹೊರಡು ಎಂದು ನಾನೂ ಹೇಳಿಲ್ಲ.

ಅಲ್ಲಪ್ಪಾ, ಹನ್ನೊಂದು ವರ್ಷ ಕುದುರೆಗೆ ಜೀನು ಬಿಗಿಸಿದವನಿಗೆ ಒಂದು ಫೋನು ಮಾಡಲು ಏನಾಗಿತ್ತು?

ಫೋನು ನನ್ನ ಹತ್ತಿರವೂ ಇತ್ತು. ಅದು ಬೇರೆ ಮಾತು.

ಲೋರ್ನಾ